ಬಸ್ಸಿನಲ್ಲಿ ಕಳಿಸಿದ ನೋವಿನ ಮಾತ್ರೆ

ಚಾಮರಾಜನಗರ
16 ಜೂನ್ 2024

ಮನೆಯವರಿಗೆ ಗಂಗಾಂಬಿಕೆಯ ನಮಸ್ಕಾರಗಳು.

ನಿನ್ನೆ ಫೋನಿನಲ್ಲಿ ನಾನು ಕೂಗಿದ್ದೇ ಬಂತು. ಊಟ ಆಯಿತೇ ಎಂದು ಕೇಳಿದರೆ ನೀವು ಹೌದು, ಮಳೆ ಬಂತು ಎಂದಿರಿ. ನನ್ನ ಗಂಟಲಿಗೆ ಹೆದರಿ ಕೆಳಗಿನ ಮನೆಯ ಸುಧಾಮಣಿ ಓಡಿಬಂದು, "ಏನಾಯ್ತಮ್ಮ, ಊರಲ್ಲಿ ಯಾರಾದ್ರೂ ಓಗ್ಬುಟ್ರಾ?" ಎಂದಳು. ನಮ್ಮ ಯಜಮಾನರಿಗೆ ಕಿವಿ ಮಂದ ಎಂದು ಹೇಳಿ ಅವಳನ್ನು ಕಳಿಸುವುದರೊಳಗೆ ಮಗು ಎದ್ದುಬಿಟ್ಟಿತು. ಇನ್ನು ಮೇಲೆ ಕಾಗದವನ್ನೇ ಬರೆಯುತ್ತೇನೆ. ಮದುವೆಯಾದ ಹೊಸತರಲ್ಲಿ ನಿಮಗೆ ಕೊಳ್ಳೇಗಾಲಕ್ಕೆ ವರ್ಗವಾಗಿದ್ದಾಗ ಬರೆದದ್ದೇ ಕೊನೆ. ಅಕ್ಷರ ನೋಡಿ ನಗಬೇಡಿ.

ಕಾವ್ಯ ಹೆರಿಗೆ ರಜೆ ಮುಗಿಸಿ ಹರವೆಯ ಶಾಲೆಗೆ ಹೋಗಲು ಶುರುಮಾಡಿದ್ದಾಳೆ. ಬೆಳಿಗ್ಗೆ ಬಸ್ಸು ಹತ್ತುವಾಗ ಕಣ್ಣು ಒರೆಸಿಕೊಳ್ಳುತ್ತಾಳೆ, ನೋಡದವಳ ಹಾಗೆ ನಾನು ಮಗುವಿಗೆ ಕಾಗೆ ತೋರಿಸುತ್ತೇನೆ. ಅಳಿಯಂದಿರು ಅರಿಶಿನದ ಮಂಡಿಗೆ ಹೋದರೆ ಮತ್ತೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಪಾಪ, ಅವರ ತಾಯಿ ಇದ್ದಿದ್ದರೆ ನಾನು ಇಷ್ಟು ದಿನ ಇಲ್ಲಿರಬೇಕಾಗಿರಲಿಲ್ಲ. ಇಡೀ ದಿನ ನಾನು, ಸ್ಪಂದನಾ. ಅವಳು ನಿಮ್ಮಂತೆಯೇ, ಎತ್ತಿಕೊಂಡು ತಿರುಗಾಡಿದರೆ ಸುಮ್ಮನಿರುತ್ತಾಳೆ, ಕೂತರೆ ರಂಪ.

ಮನೆ ಎರಡನೇ ಮಹಡಿಯಲ್ಲಿದೆ. ಹತ್ತುವಾಗ ಮಂಡಿ ಸ್ವಲ್ಪ ಹಿಡಿಯುತ್ತದೆ. ದೊಡ್ಡದೇನಲ್ಲ. ಎದೆನೋವು ಬಂದ ಮೇಲೆ ರಕ್ತ ತೆಳುವಾಗಿರಲಿ ಎಂದು ಕೊಟ್ಟಿದ್ದಾರಲ್ಲ, ಆ ಸಣ್ಣ ಮಾತ್ರೆಯನ್ನು ಮಧ್ಯಾಹ್ನ ಊಟದ ಮೇಲೆ ಮರೆಯದೆ ನುಂಗುತ್ತಿದ್ದೇನೆ. ನೀವು ಬಿ.ಪಿ. ಮಾತ್ರೆ ಬಿಡಬೇಡಿ.

ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುವಾಗ ಪಡುವಣ ದಿಕ್ಕಿಗೆ ನೋಡುತ್ತೇನೆ. ನಮ್ಮ ಗೋಪಾಲಸ್ವಾಮಿ ಬೆಟ್ಟ ಇಲ್ಲಿಗೆ ಕಾಣುವುದಿಲ್ಲ ಎಂದು ಗೊತ್ತು. ಆದರೂ ನೋಡುತ್ತೇನೆ. ನೀವೂ ಬಂದು ಇಲ್ಲೇ ನಾಲ್ಕು ದಿನ ಇರಬಹುದಿತ್ತು.

ಇಂತಿ,
ಗಂಗಾಂಬಿಕೆ

—

ಗುಂಡ್ಲುಪೇಟೆ
2 ಜುಲೈ 2024

ಚಿ. ಸೌ. ಗಂಗಾಳಿಗೆ ಶಾಂತಮಲ್ಲಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಓದಿದೆ. ಮನೆಯಲ್ಲಿ ಓದಿದರೆ ಉತ್ತರ ಕೊಡುವವರಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದು ನನಗೆ ಎಂದೂ ಕೇಳಿಸಿದ್ದಿಲ್ಲ, ಕಿವಿ ಅಂಥದ್ದು. ಆದರೆ ಈಗ ಆ ಸದ್ದಿಲ್ಲ ಎನ್ನುವುದು ಹೇಗೋ ಗೊತ್ತಾಗುತ್ತದೆ.

ಅಲ್ಲಿಗೆ ಬಂದಿರು ಎನ್ನುತ್ತೀಯ. ಮಗಳನ್ನು ಕೊಟ್ಟ ಮನೆಯಲ್ಲಿ ಹೋಗಿ ತಿಂಗಳುಗಟ್ಟಲೆ ಉಂಡು ಕೂರುವುದಕ್ಕೆ ನನಗೆ ಮನಸ್ಸು ಬಾರದು. ಇರುವುದು ಎರಡು ಕೋಣೆ. ಅಳಿಯಂದಿರು ದೊಡ್ಡ ಮನಸ್ಸಿನವರು ಎಂದು ನಾವು ಅದನ್ನು ಅಳೆಯಲು ಹೋಗಬಾರದು.

ಮಂಡಿ ಸ್ವಲ್ಪ ಹಿಡಿಯುತ್ತದೆ ಎಂದು ನೀನು ಬರೆದಿದ್ದರೆ ಅದು ಜೋರಾಗಿಯೇ ನೋಯುತ್ತಿರಬೇಕು. ನಿನ್ನ 'ಸ್ವಲ್ಪ' ನನಗೆ ಗೊತ್ತಿಲ್ಲವೇ? ಕೇಳು, ಈ ಬೇಸಿಗೆಯಿಂದ ನನಗೂ ಎರಡು ಮಂಡಿಯೂ ಹಿಡಿದಿದ್ದವು. ನಿನಗೆ ಹೇಳಿರಲಿಲ್ಲ. ಔಷಧಿ ಅಂಗಡಿಯ ಗಣೇಶ, "ಈ ಮಾತ್ರೆ ತಕೊಂಡೋಗಿ ಸಾರ್, ಎಲ್ರೂ ಇದ್ನೇ ತಕೊಳ್ಳೋದು" ಎಂದು ಒಂದು ಪಟ್ಟಿ ಕೊಟ್ಟ. ಬೆಳಿಗ್ಗೆ ಎದ್ದವನೇ ಒಂದು, ರಾತ್ರಿ ಒಂದು. ಗಂಗಾ, ನಾನೀಗ ಹುಡುಗನ ಹಾಗೆ ನಡೆಯುತ್ತೇನೆ. ಡಾಕ್ಟರ ಹತ್ತಿರ ಹೋಗುವ ಗೋಜೂ ಇಲ್ಲ, ಚೀಟಿಯೂ ಬೇಡ.

ನಾನೊಬ್ಬನೇ ಸುಖವಾಗಿದ್ದು ನೀನು ಆ ಮೆಟ್ಟಿಲ ಮೇಲೆ ನರಳುವುದು ಯಾವ ನ್ಯಾಯ? ಕಂಡಕ್ಟರ್ ರವಿಕುಮಾರನ ಕೈಯಲ್ಲಿ ಈ ಕಾಗದ, ಒಂದು ಮೊಳ ಮಲ್ಲಿಗೆ, ಎರಡು ಪಟ್ಟಿ ಮಾತ್ರೆ ಕಳಿಸುತ್ತಿದ್ದೇನೆ. ಅವನು ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದಾಗ ಕೆಲಸಕ್ಕೆ ಸೇರಿದವನು, ನನ್ನ ಮಾತು ತೆಗೆದುಹಾಕುವುದಿಲ್ಲ. ಕಾವ್ಯಳಿಗೆ ಹೇಳಬೇಡ. ಓದಿದವಳು, ಎಕ್ಸರೇ ಅದು ಇದು ಎಂದು ಓಡಾಡಿಸುತ್ತಾಳೆ.

ಹೊಲಗಳೆಲ್ಲ ಸೂರ್ಯಕಾಂತಿ. ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ನೋಡಲು ನೀನಿಲ್ಲ.

ಇತಿ ನಿನ್ನ,
ಶಾಂತಮಲ್ಲಪ್ಪ

—

ಚಾಮರಾಜನಗರ
4 ಆಗಸ್ಟ್ 2024

ಮನೆಯವರಿಗೆ ನಮಸ್ಕಾರಗಳು.

ಮಲ್ಲಿಗೆ ಬಾಡಿತ್ತು. ಆದರೂ ಮುಡಿದುಕೊಂಡೆ. ಕಾವ್ಯ ನೋಡಿ ನಕ್ಕಳು.

ನಿಮ್ಮ ಮಾತ್ರೆ ಒಳ್ಳೆಯ ಕೆಲಸ ಮಾಡಿತು. ಎಷ್ಟೋ ದಿನದ ಮೇಲೆ ಮಗುವನ್ನು ಎತ್ತಿಕೊಂಡು ಕೆಳಗಿಳಿದೆ, ಚಾಮರಾಜೇಶ್ವರನ ಗುಡಿಯವರೆಗೂ ನಡೆದು ಹೋಗಿ ಬಂದೆ. ಅಷ್ಟು ಹಗುರ ಕಾಲು. ಮಗುವಿಗೆ ಗೋಪುರ ತೋರಿಸಿದರೆ ಅದು ಪಾರಿವಾಳವನ್ನು ನೋಡಿ ಕೇಕೆ ಹಾಕಿತು. ನೀವು ಪಕ್ಕದಲ್ಲಿದ್ದಿದ್ದರೆ ಎನಿಸಿತು.

ಹೊಟ್ಟೆ ಮಾತ್ರ ಒಂದಿಷ್ಟು ಉರಿಯುತ್ತದೆ. ತಣ್ಣನೆ ಹಾಲು ಕುಡಿದರೆ ಅಡಗುತ್ತದೆ. ಹೋದ ವಾರ ನೆಗಡಿ ಜ್ವರ ಬಂದಿತ್ತು, ಸುಧಾಮಣಿ ತನ್ನ ಹತ್ತಿರವಿದ್ದ ನೆಗಡಿ ಮಾತ್ರೆ ಕೊಟ್ಟಳು, ಅದನ್ನೂ ನುಂಗಿದೆ. ವಾಸಿಯಾಯಿತು. ನೀವು ಕಳಿಸಿದ ಪಟ್ಟಿ ಮುಗಿದಿದೆ. ಒಂದು ಹೊತ್ತು ಬಿಟ್ಟರೆ ನೋವು ಮೊದಲಿಗಿಂತ ಜೋರಾಗಿ ಬಂದಂತೆ ಆಗುತ್ತದೆ. ಇನ್ನಷ್ಟು ಕಳಿಸಿ.

ಶ್ರಾವಣ ಬರುತ್ತಿದೆ. ಇದೇ ತಿಂಗಳು ಹದಿನೇಳಕ್ಕೆ ಶನಿವಾರ. ಕಾವ್ಯಳಿಗೆ ಅಂದು ರಜೆ ಸಿಕ್ಕರೆ ನಾನು ಬೆಳಗಿನ ಬಸ್ಸಿಗೆ ಬರುತ್ತೇನೆ. ಇಬ್ಬರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬರೋಣ. ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ಅಷ್ಟರೊಳಗೆ ಮಂಡಿ ಪೂರ್ತಿ ಸರಿಯಾಗಿರಬೇಕು. ಅದಕ್ಕೇ ಕೇಳುತ್ತಿದ್ದೇನೆ.

ಇಂತಿ,
ಗಂಗಾಂಬಿಕೆ

—

ಗುಂಡ್ಲುಪೇಟೆ
19 ಆಗಸ್ಟ್ 2024

ಗಂಗಾ,

ಶನಿವಾರ ನೀನು ಬರಲಿಲ್ಲ. ರಜೆ ಸಿಗಲಿಲ್ಲ, ಅಮ್ಮ ಬರಲಾಗುವುದಿಲ್ಲ ಎಂದು ಕಾವ್ಯ ಪಕ್ಕದ ಮನೆಯ ಫೋನಿಗೆ ಹೇಳಿದ್ದಳಂತೆ, ಅವರು ನನಗೆ ತಿಳಿಸುವ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ. ಒಗೆದ ಪಂಚೆ ಉಟ್ಟುಕೊಂಡು ತೆರಕಣಾಂಬಿ ಕಡೆಯಿಂದ ಬರುವ ಒಂದೊಂದು ಬಸ್ಸನ್ನೂ ನೋಡಿದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಡ್ರೈವರ್ ಮುದ್ದಯ್ಯ ಬಂದು ಕಿವಿಯ ಹತ್ತಿರ ಬಾಯಿಟ್ಟು, "ಯಾಕ್ಲಾ ಮಲ್ಲಣ್ಣ, ರಿಟೇರಾಗಿ ಅತ್ತು ವರ್ಸ ಆದ್ರೂವೆ ಬಸ್ ಎಣಿಸ್ತಾ ಕುಂತಿದ್ದೀಯಲ್ಲಾ!" ಎಂದ.

"ಮನೆಯವ್ಳು ಬತ್ತಾಳೆ ಕಣ್ಲಾ," ಎಂದೆ.

ಅವನು ಪಾಪ ನಗಲಿಲ್ಲ. ಟೀ ಕುಡಿಸಿ, ಮಧ್ಯಾಹ್ನದ ಬಸ್ಸು ಬಂದು ಹೋಗುವವರೆಗೂ ಜೊತೆಯಲ್ಲೇ ಕೂತಿದ್ದ. ಕೊನೆಗೆ, "ನಡಿ ಓಗನ, ಬಿಸ್ಲಾಯ್ತು" ಎಂದು ಎಬ್ಬಿಸಿದ.

ನಾನೊಬ್ಬನೇ ಬೆಟ್ಟಕ್ಕೆ ಹೋಗಲಿಲ್ಲ. ಹೋಗಿದ್ದರೆ ಸ್ವಾಮಿ ಏನೂ ಬೇಡವೆನ್ನುತ್ತಿರಲಿಲ್ಲ, ನನಗೇ ಬೇಡವಾಯಿತು.

ಮಾತ್ರೆ ಕಳಿಸಿದ್ದೇನೆ, ಈ ಸಲ ನಾಲ್ಕು ಪಟ್ಟಿ. ನನಗೆ ಸಂಜೆ ಹೊತ್ತು ಪಾದ ಊದಿಕೊಂಡು ಚಪ್ಪಲಿ ಬಿಗಿಯಾಗುತ್ತಿದೆ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂರುವುದಕ್ಕೆ ಎಂದು ಮುದ್ದಯ್ಯ ಹೇಳುತ್ತಾನೆ. ನಿನ್ನ ಹೊಟ್ಟೆ ಉರಿ ಖಾರದ್ದಿರಬೇಕು, ಅಳಿಯಂದಿರು ಖಾರ ಜಾಸ್ತಿ ತಿನ್ನುವವರು. ಒಂದೆರಡು ದಿನ ಮಜ್ಜಿಗೆ ಅನ್ನ ಉಣ್ಣು.

ಓಣಂಗೆಂದು ಚೆಂಡುಹೂವಿನ ಮೂಟೆಗಳು ಲಾರಿಯಲ್ಲಿ ಹೋಗುತ್ತಿವೆ. ಊರೆಲ್ಲ ಅದೇ ವಾಸನೆ. ಯಾವಾಗ ಬರುತ್ತೀಯ? ದಿನ ಹೇಳಬೇಡ, ಹೇಳಿದರೆ ಮತ್ತೆ ಕಾಯುತ್ತೇನೆ. ಸುಮ್ಮನೆ ಬಂದು ಬಾಗಿಲು ತಟ್ಟು.

ಇತಿ ನಿನ್ನ,
ಶಾಂತಮಲ್ಲಪ್ಪ

—

ಚಾಮರಾಜನಗರ
11 ಸೆಪ್ಟೆಂಬರ್ 2024

ಅಪ್ಪಾಜಿಗೆ ಕಾವ್ಯಶ್ರೀ ಮಾಡುವ ನಮಸ್ಕಾರ.

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧಂಬರ್ಧ ಕೇಳಿಸಿ ಗಾಬರಿಯಾಗುತ್ತೀರಿ ಎಂದು ರವಿಕುಮಾರಣ್ಣನ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಮೊದಲು ಇದನ್ನು ಓದಿ: ಅಮ್ಮನ ಜೀವಕ್ಕೆ ಈಗ ಅಪಾಯವಿಲ್ಲ.

ನಿನ್ನೆ ಬೆಳಿಗ್ಗೆ ಅಮ್ಮ ಹಾಲು ತರಲು ಕೆಳಗಿಳಿಯುವಾಗ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದರು. ಮಗು ಅವರ ಕೈಯಲ್ಲಿರಲಿಲ್ಲ, ಅದೊಂದು ಪುಣ್ಯ. ಸುಧಾಮಣಿ ಅಕ್ಕ ಕಿರುಚಿಕೊಂಡಾಗ ನಾನು ಹೋಗಿ ನೋಡಿದರೆ ಮುಖ ಬಿಳಿಚಿ ಸುಣ್ಣದ ಹಾಗಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ, ಮಲ ಕಪ್ಪಗೆ ಹೋಗುತ್ತಿತ್ತೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮ ತಲೆಯಾಡಿಸಿದರು. ಹಲವು ದಿನಗಳಿಂದ ಟಾರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ. ಅದು ಹೊಟ್ಟೆಯೊಳಗೆ ಸೋರಿದ ರಕ್ತವಂತೆ ಅಪ್ಪಾಜಿ. ಒಂದೇ ಮನೆಯಲ್ಲಿದ್ದುಕೊಂಡು ನಾನು ನೋಡಲಿಲ್ಲ.

ಯಾವ್ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿದಾಗ ನಾನು ಎದೆಯ ಮಾತ್ರೆಗಳ ಹೆಸರು ಹೇಳಿದೆ. ಆಗ ಅಮ್ಮ ಕಣ್ಣು ಮುಚ್ಚಿಕೊಂಡೇ, "ಇನ್ನೊಂದೈತೆ ಕಣವ್ವ. ಮಂಡಿ ನೋವುಗೆ. ನಿಮ್ಮಪ್ಪಾಜಿ ಕಳ್ಸುದ್ರು. ಅವ್ರನ್ನ ಏನೂ ಅನ್ಬ್ಯಾಡ" ಎಂದರು.

ಎರಡು ಬಾಟಲಿ ರಕ್ತ ಕೊಟ್ಟಿದ್ದಾರೆ. ಬಾಯಿಯಿಂದ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿ ಹುಣ್ಣು ಇದ್ದ ಜಾಗಕ್ಕೆ ಮದ್ದು ಮಾಡಿದ್ದಾರೆ. ಸೋರುವುದು ನಿಂತಿದೆ.

ನಾನು ನಿಮ್ಮನ್ನು ಏನೂ ಅನ್ನುತ್ತಿಲ್ಲ. ನೀವು ಬನ್ನಿ, ಅಷ್ಟೇ. ರವಿಕುಮಾರಣ್ಣ ನಿಮ್ಮನ್ನು ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಬರುತ್ತೇನೆ ಎಂದಿದ್ದಾರೆ. ಬರುವಾಗ ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದೂ ಬಿಡದೆ ಚೀಲಕ್ಕೆ ಹಾಕಿಕೊಂಡು ಬನ್ನಿ. ಡಾಕ್ಟರಮ್ಮ ನಿಮ್ಮನ್ನೂ ನೋಡಬೇಕಂತೆ.

ನಿಮ್ಮ ಮಗಳು,
ಕಾವ್ಯ

—

ಗುಂಡ್ಲುಪೇಟೆ
9 ಅಕ್ಟೋಬರ್ 2024

ಗಂಗಾ,

ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಹೆಚ್ಚು ದಿನ ಅಲ್ಲಿ ನಿಲ್ಲಲಿಲ್ಲ ಎಂದು ಕಾವ್ಯ ನೊಂದುಕೊಂಡಿದ್ದಾಳೆ. ಅಳಿಯಂದಿರು ತಮ್ಮ ಮಂಚವನ್ನು ನನಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರ ಅತ್ತೆಯನ್ನು ಆ ಸ್ಥಿತಿಗೆ ತಂದವನು ಅವರ ಮಂಚದ ಮೇಲೆ ಹೇಗೆ ನಿದ್ದೆ ಮಾಡಲಿ?

ಡಾಕ್ಟರಮ್ಮ ನನ್ನ ಕಿವಿಗೆ ಕೂಗಿ ಹೇಳಿದ್ದನ್ನು ವಾರ್ಡಿನವರೆಲ್ಲ ಕೇಳಿದರು. ನೀನು ನಿದ್ದೆಯಲ್ಲಿದ್ದೆ, ಅದಕ್ಕೆ ಬರೆಯುತ್ತೇನೆ. "ಈ ನೋವಿನ ಮಾತ್ರೆ ಹೊಟ್ಟೆಯ ಒಳಗಿನ ಪದರವನ್ನ ಕೆಡಿಸುತ್ತೆ ಅಜ್ಜ. ವಯಸ್ಸಾದವರಿಗೆ ಇನ್ನೂ ಬೇಗ. ಅಜ್ಜಿ ಮೊದಲೇ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದಾರೆ. ಎರಡೂ ಸೇರಿದರೆ ಸೋರೋಕೆ ಶುರುವಾದ ರಕ್ತ ನಿಲ್ಲೋದೇ ಇಲ್ಲ," ಎಂದರು. ಚೀಟಿ ಇಲ್ಲದೆ ಸಿಕ್ಕುವ ಮಾತ್ರೆ ಸಾಧುವಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಅಂಗಡಿಯಲ್ಲಿ ನಿನಗೆ ಎದೆಯ ಮಾತ್ರೆ ಇದೆ ಎಂದು ಗಣೇಶನಿಗೆ ಹೇಳಲೂ ಇಲ್ಲ, ಅವನು ಕೇಳಲೂ ಇಲ್ಲ. ನೆಗಡಿ ಮಾತ್ರೆಯ ವಿಷಯವನ್ನೂ ಕಾವ್ಯ ಡಾಕ್ಟರಮ್ಮನಿಗೆ ಹೇಳಿದಳು. ಅದರೊಳಗೂ ಜ್ವರ, ನೋವಿನ ಮದ್ದು ಬೆರೆತಿರುತ್ತದಂತೆ, ತಿಳಿಯದೆ ಒಂದರ ಮೇಲೊಂದು ನುಂಗಿದ ಹಾಗಾಗುತ್ತದಂತೆ.

ಆಮೇಲೆ ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿದ್ದದ್ದು ಏಳಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಸೊರಗಿದೆ, ಬಿ.ಪಿ.ಯೂ ಏರಿದೆ, ಈ ಮಾತ್ರೆ ನಿಮಗೂ ಆಗದು ಎಂದರು. ಚೀಲದಲ್ಲಿದ್ದ ಪಟ್ಟಿಗಳನ್ನು ಅಲ್ಲೇ ಬಿಟ್ಟು ಬಂದೆ. ಈಗ ಊತ ಇಳಿಯುತ್ತಿದೆ. ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಮಂಡಿ ನೋಯುತ್ತದೆ. ನೋಯಲಿ.

ಗಣೇಶನ ಅಂಗಡಿಗೆ ಹೋಗಿದ್ದೆ. ಜಗಳ ಮಾಡಬೇಕೆಂದೇ ಹೋದೆ. ಅವನ ಮುಖ ನೋಡಿದ ಮೇಲೆ ನಡೆದದ್ದನ್ನಷ್ಟೇ ಹೇಳಿದೆ. ಅಲ್ಲಿ ನನ್ನ ವಯಸ್ಸಿನವನೊಬ್ಬ ಸೊಂಟ ಹಿಡಿದುಕೊಂಡು ನಿಂತಿದ್ದ. ಗಣೇಶ ಅವನಿಗೆ, ನನಗೂ ಕೇಳುವಷ್ಟು ಜೋರಾಗಿ, "ಬೇರೆ ಯಾವ ಮಾತ್ರೆ ತಕೋತಿದ್ದೀರಿ ಅಜ್ಜ? ಡಾಕ್ಟ್ರಿಗೆ ತೋರ್ಸಿದ್ರಾ?" ಎಂದು ಕೇಳಿದ. ಅಷ್ಟು ಕೇಳಿಸಿಕೊಂಡು ಮನೆಗೆ ಬಂದೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಅಷ್ಟು ದಿನ ನಿನ್ನ ಮಗ್ಗುಲಲ್ಲೇ ಕೂತಿದ್ದೆ. ಊಟ ಆಯಿತೇ ಎಂದು ಸನ್ನೆ ಮಾಡಿ ಕೇಳಿದ್ದು ಬಿಟ್ಟರೆ ನೀನು ನನ್ನ ಜೊತೆ ಮಾತಾಡಲಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಿನಗೆ ಸಿಟ್ಟಿದ್ದರೆ ಬರೆ. ನಾನು ಓದುತ್ತೇನೆ.

ಶಾಂತಮಲ್ಲಪ್ಪ

—

ಚಾಮರಾಜನಗರ
5 ನವೆಂಬರ್ 2024

ಮನೆಯವರಿಗೆ ನಮಸ್ಕಾರಗಳು.

ಉತ್ತರ ಬರೆಯಲು ತಡವಾಯಿತು. ಕೈಗೆ ಬಲ ಬಂದಿದೆ, ಮಾತು ಬರಲಿಲ್ಲ.

ನನಗೆ ಸಿಟ್ಟಿರಲಿಲ್ಲ. ನಿಮಗೆ ಏನು ಹೇಳಬೇಕಾದರೂ ಕೂಗಿ ಹೇಳಬೇಕು. ನಾನು ಹೇಳಬೇಕೆಂದಿದ್ದನ್ನು ಅಷ್ಟು ಜನರ ನಡುವೆ ಹೇಗೆ ಕೂಗಲಿ? ಗೋಡೆ ಕಡೆ ತಿರುಗಿದ್ದು ನಿಮ್ಮ ಮುಖ ನೋಡಿದರೆ ಅಳು ಬರುತ್ತಿತ್ತು, ಅದಕ್ಕೆ.

ಈಗ ಬರೆಯುತ್ತೇನೆ. ಆ ಮಾತ್ರೆ ನನಗೆ ಒಗ್ಗುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಹೊಟ್ಟೆ ಉರಿದದ್ದು ಖಾರಕ್ಕಲ್ಲ. ಮಾತ್ರೆ ನುಂಗಿದ ಮೇಲೆಯೇ ಉರಿಯುತ್ತಿತ್ತು. ಕಪ್ಪಗೆ ಹೋದಾಗ ಹೆದರಿಕೆಯೂ ಆಯಿತು. ಹೇಳಿದರೆ ಕಾವ್ಯ ಮಾತ್ರೆ ಕಿತ್ತುಕೊಳ್ಳುತ್ತಾಳೆ, ಕಿತ್ತುಕೊಂಡರೆ ಕಾಲು ನಿಲ್ಲುತ್ತದೆ, ಕಾಲು ನಿಂತರೆ ಊರಿಗೆ ಬರುವುದು ಹೇಗೆ? ಒಂದು ಸಲ ಬೆಟ್ಟಕ್ಕೆ ಹೋಗಿ ಬಂದುಬಿಡೋಣ, ಆಮೇಲೆ ನಿಲ್ಲಿಸಿದರಾಯಿತು ಎಂದುಕೊಂಡೆ. ಆ ಶನಿವಾರ ತಪ್ಪಿತು, ಇನ್ನೊಂದು ಶನಿವಾರ ಎಂದುಕೊಂಡೆ. ಮಾತ್ರೆ ಕಳಿಸಿದವರು ನೀವು, ನಿಜ. ಹೊಟ್ಟೆ ಬೇಡವೆಂದರೂ ನುಂಗಿದವಳು ನಾನು.

ಈ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಕಾವ್ಯ ಅಮ್ಮ ಎನ್ನುತ್ತಾಳೆ, ಅಳಿಯಂದಿರು ಅತ್ತೆಮ್ಮ ಎನ್ನುತ್ತಾರೆ, ಮಗುವಿಗೆ ಅಜ್ಜಿ ಎಂದು ಹೇಳಿಕೊಡುತ್ತಿದ್ದಾರೆ. ನನ್ನನ್ನು ಗಂಗಾ ಎಂದು ಕರೆಯುವವರು ಈ ಊರಿನಲ್ಲಿ ಒಬ್ಬರೂ ಇಲ್ಲ. ನಿಮ್ಮ ಕಾಗದ ಬಿಚ್ಚಿದ ಕೂಡಲೇ ಆ ಒಂದು ಹೆಸರನ್ನು ನೋಡಿ ಮಡಿಚಿಡುತ್ತಿದ್ದೆ. ಉಳಿದದ್ದನ್ನು ಕೆಲಸವೆಲ್ಲ ಆದ ಮೇಲೆ ಓದುತ್ತಿದ್ದೆ.

ಡಾಕ್ಟರಮ್ಮ ಎದೆಯ ಮಾತ್ರೆಯನ್ನು ನಾನಾಗಿ ಬಿಡಕೂಡದು ಎಂದಿದ್ದಾರೆ. ಜೊತೆಗೆ ಹೊಟ್ಟೆ ಕಾಯುವ ಮಾತ್ರೆ ಕೊಟ್ಟಿದ್ದಾರೆ. ಮಂಡಿಗೆ ಹಚ್ಚಲು ಮುಲಾಮು, ಕುರ್ಚಿಯ ಮೇಲೆ ಕೂತು ಕಾಲು ಚಾಚುವ ವ್ಯಾಯಾಮ. ತೀರಾ ತಡೆಯದಿದ್ದರೆ ಬರೀ ಪ್ಯಾರಸಿಟಮಾಲ್, ಅದೂ ಅವರು ಹೇಳಿದಷ್ಟೇ. ಬೇರೆ ಯಾವುದನ್ನು ನುಂಗುವುದಿದ್ದರೂ ಅವರನ್ನು ಕೇಳಿ ನುಂಗಬೇಕು.

ಅಳಿಯಂದಿರ ಚಿಕ್ಕಮ್ಮ ನಾಗಲಕ್ಷ್ಮಿ ಕಾರ್ತಿಕ ಮುಗಿದ ಮೇಲೆ ಇಲ್ಲಿಗೆ ಬಂದು ಮಗುವನ್ನು ನೋಡಿಕೊಳ್ಳುತ್ತಾರಂತೆ. ಕಾವ್ಯಳೇ ಮಾತಾಡಿ ಒಪ್ಪಿಸಿದ್ದಾಳೆ. "ಅಮ್ಮ, ನಿನ್ ಕಣ್ಣು ಯಾವಾಗ್ಲೂ ಗುಂಡ್ಲುಪೇಟೆ ಕಡೆಗೇ ಕಣಮ್ಮ" ಎಂದಳು. ನನಗೆ ನಾಚಿಕೆಯಾಯಿತು.

ನೀವೇ ಬಂದು ಕರೆದುಕೊಂಡು ಹೋಗಬೇಕು. ಬಂದವರು ಒಂದು ದಿನ ಇದ್ದು, ಅಳಿಯಂದಿರ ಜೊತೆ ಕೂತು ಉಂಡು ಹೋಗಬೇಕು. ಅವರಿಗೆ ನಿಮ್ಮ ಮೇಲೆ ಬೇಸರವಿಲ್ಲ. ನೀವು ಹೇಳದೆ ಬಸ್ಸು ಹತ್ತಿದ್ದಕ್ಕೆ ಬೇಸರವಿದೆ.

ಇಂತಿ,
ಗಂಗಾ

—

ಗುಂಡ್ಲುಪೇಟೆ
16 ಜನವರಿ 2025

ಚಿ. ಸೌ. ಕಾವ್ಯಳಿಗೆ ಅಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಮಾತಾಡಬಹುದು ಎನ್ನುತ್ತೀಯ. ಏನು ಮಾಡಲಿ, ಬರೆಯುವುದೇ ರೂಢಿಯಾಗಿಬಿಟ್ಟಿದೆ. ಸಂಕ್ರಾಂತಿಗೆ ಎಳ್ಳು ಬೀರಲು ನಾಲ್ಕು ಮನೆಗೆ ಹೋಗಿದ್ದೆ, ಕೋಲು ಹಿಡಿದು ನಿಧಾನಕ್ಕೆ. ಒಂದು ಮನೆಯಲ್ಲಿ ನನ್ನ ನಡಿಗೆ ನೋಡಿ, "ಒಂದ್ ಮಾತ್ರೆ ಕೊಡ್ತೀನಿ ತಡೀರಿ ಗಂಗಮ್ಮ, ಜಟ್ ಅಂತ ಬುಟ್ಬುಡ್ತದೆ" ಎಂದು ಒಳಗೆ ಹೋದರು. ಬೇಡ ಎಂದು ಹೇಳಿ, ಯಾಕೆ ಎಂಬುದನ್ನೂ ಹೇಳಿ ಬಂದೆ.

ನಿಮ್ಮ ಅಪ್ಪಾಜಿಯ ರಕ್ತ ಪರೀಕ್ಷೆ ಹೋದ ಸಲಕ್ಕಿಂತ ವಾಸಿ ಇದೆ. ಪೂರಾ ಮೊದಲಿನಂತೆ ಆಗುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರಂತೆ. ಉಪ್ಪು ಕಡಿಮೆ ಮಾಡಿದ್ದೇನೆ, ಸಾರು ಸಪ್ಪೆ ಎಂದು ಗೊಣಗುತ್ತಾ ಉಣ್ಣುತ್ತಾರೆ.

ಇಲ್ಲಿಗೆ ಬಂದ ಮೇಲೆ ನನ್ನ ಸೊಂಟ ಹಗುರವಾಗಿ ಒಂದು ತರಹ ಆಗುತ್ತದೆ. ನೀರಿನ ಕೊಡ ಇಟ್ಟುಕೊಂಡರೂ ಮಗುವಿನ ನೆನಪು ಬರುತ್ತದೆ. ಅಲ್ಲಿದ್ದಾಗ ಈ ಮನೆಗಾಗಿ ಹಂಬಲಿಸಿದವಳು ನಾನೇ ಹೌದೋ ಅಲ್ಲವೋ ಎನಿಸುತ್ತದೆ. ಸ್ಪಂದನಾ ಹೆಜ್ಜೆ ಇಟ್ಟಳು ಎಂದು ಬರೆದಿದ್ದೀಯ. ಮೊದಲ ಹೆಜ್ಜೆ ನಾನು ನೋಡಲಿಲ್ಲ.

ಈಗ ಬರೆಯುವುದನ್ನು ಮಗಳಿಗೆ ಬರೆಯಬಾರದು, ಆದರೂ ಬರೆಯುತ್ತೇನೆ. ಚಳಿಗೆ ನಿನ್ನೆ ಮಂಡಿ ವಿಪರೀತ ನೋಯುತ್ತಿತ್ತು. ನಿಮ್ಮ ಅಪ್ಪಾಜಿ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ತಂದು ನೆಲದ ಮೇಲೆ ಕೂತು ನನ್ನ ಮಂಡಿಗೆ ಶಾಖ ಕೊಟ್ಟರು. ಅವರಿಗೂ ಕೆಳಗೆ ಕೂತು ಏಳುವುದು ಕಷ್ಟ. ಹಿಂಡುವುದು, ಇಡುವುದು, ಆರಿದ ಮೇಲೆ ಮತ್ತೆ ಹಿಂಡುವುದು. ಎಷ್ಟೋ ಹೊತ್ತಾದ ಮೇಲೆ ನಾನು, "ಸಾಕು ಬುಡಿ, ಏಳಿ ಮೇಲಕ್ಕೆ" ಎಂದೆ.

ಅವರಿಗೆ ಕೇಳಿಸಲಿಲ್ಲ. ನಾನು ಇನ್ನೊಂದು ಸಲ ಹೇಳಲಿಲ್ಲ.

ನಿನ್ನ,
ಅಮ್ಮ